ಲೋಹಶೋಧಕ ಯಂತ್ರದ ಆಯ್ಕೆ

ನೆಲದೊಳಗೆ ಹುದುಗಿರುವುದನ್ನು ಅಗೆಯದೆಯೇ ತಿಳಿಯಬೇಕೆಂಬ ಆಸೆಯು ಮನುಷ್ಯನಿಗೆ ಹೊಸದಲ್ಲ. ಕನ್ನಡನಾಡಿನಲ್ಲಿ ಅದಕ್ಕೆ ಅಂಜನವೆಂಬ ಉಪಾಯವಿದ್ದಿತು. ಕಾಲು ಮುಂದಾಗಿ ಹುಟ್ಟಿದ ಹುಡುಗನೊಬ್ಬನನ್ನು ಕೂರಿಸಿ, ವೀಳ್ಯದೆಲೆಗೆ ಕಾಡಿಗೆ ಬಳಿದು, ಅದರಲ್ಲಿ ಹೊನ್ನಿನ ಕೊಪ್ಪರಿಗೆಯೂ ಅದನ್ನು ಸುತ್ತಿಕೊಂಡ ಸರ್ಪವೂ ಕಾಣುವುವೆಂದು ನಂಬಿಸುವವರು ಊರೂರು ಅಲೆಯುತ್ತಿದ್ದರು. ಯೂರೋಪಿನಲ್ಲಿ ಕವಲುಕಡ್ಡಿಯನ್ನು ಹಿಡಿದು ನಡೆಯುವವರಿದ್ದರು. ಈಗ ಅವರೆಲ್ಲರ ಸ್ಥಾನದಲ್ಲಿ ವಿದ್ಯುತ್ತಿನ ಯಂತ್ರವೊಂದು ಬಂದು ನಿಂತಿದೆ. ಒಂದು ಕೋಲು, ಅದರ ತುದಿಗೆ ತಟ್ಟೆಯಂಥ ಸುರುಳಿ, ಹಿಡಿಯ ಹತ್ತಿರ ಒಂದು ಸಣ್ಣ ಪೆಟ್ಟಿಗೆ, ಕಿವಿಗೆ ಹೆಡ್‌ಫೋನು, ನೋಟಕ್ಕೆ ಇಷ್ಟೇ. ಅಂಜನದವನಂತೆ ಇದು ಕಾಣಿಕೆಯನ್ನು ಕೇಳುವುದಿಲ್ಲ, ಕೋಳಿಯನ್ನು ಕೇಳುವುದಿಲ್ಲ. ಆದರೆ ಕೊಳ್ಳುವುದಕ್ಕೆ ಮುಂಚೆ ಒಂದು ಪ್ರಶ್ನೆಯನ್ನು ಮಾತ್ರ ಕೇಳಿಯೇ ಕೇಳುತ್ತದೆ: ನಿನಗೆ ಬೇಕಾದುದು ಏನು?

ಆ ಪ್ರಶ್ನೆಗೆ ಉತ್ತರ ಹೇಳಲಾರದೆ ನಾಲ್ಕು ತಿಂಗಳು ಕಳೆದ ವೈದ್ಯರೊಬ್ಬರುಂಟು. ಶಿಕಾರಿಪುರದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ, ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಸಫಕ್ ಪ್ರಾಂತದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಚಿಕಿತ್ಸೆ ನಡೆಸಿ ನಿವೃತ್ತರಾದವರು. ಪರಿಚಿತನಾದ ರೈತನೊಬ್ಬನು, ಬೆಳೆ ಕೊಯ್ದ ಮೇಲೆ ತನ್ನ ಹೊಲದಲ್ಲಿ ಬೇಕಾದಷ್ಟು ದಿನ ಅಡ್ಡಾಡಬಹುದೆಂದು ಅವರಿಗೆ ಅಪ್ಪಣೆ ಕೊಟ್ಟಿದ್ದನು. ಅಲ್ಲಿ ಈ ಹವ್ಯಾಸಕ್ಕೆ ಭೂಮಿಯ ಒಡೆಯನ ಒಪ್ಪಿಗೆಯೇ ಮೊದಲನೆಯ ಬಂಡವಾಳ. ಅದು ಕೈಗೆ ಬಂದ ಮೇಲೂ ಯಂತ್ರವನ್ನು ಕೊಳ್ಳದೆ, ವರ್ಣನಾಪತ್ರಿಕೆಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದ ಪತಿಯನ್ನು ಕಂಡು ಅವರ ಪತ್ನಿಯು, “ನಾನು ಒಂದು ಸೀರೆ ಆರಿಸುವುದಕ್ಕೆ ಅರ್ಧ ಗಂಟೆ ಮಾಡಿದರೆ ಅಂಗಡಿಯ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತೀರಿ. ಈ ಕೋಲಿಗೆ ಮಾತ್ರ ಮುಹೂರ್ತವೇ ಕೂಡಿಬರುವುದಿಲ್ಲವಲ್ಲ!” ಎಂದರಂತೆ. ವೈದ್ಯರು ನಕ್ಕು ಸುಮ್ಮನಾದರು. ಆ ಮೌನಕ್ಕೆ ಕಾರಣವಿದ್ದಿತು.

ವೈದ್ಯರ ತಾತನವರಿಗೆ ನಿಧಿಯ ಹುಚ್ಚು ಹಿಡಿದಿತ್ತು. ಬಳ್ಳಿಗಾವಿಯ ಸುತ್ತಿನ ಆ ಸೀಮೆಯಲ್ಲಿ ಹಳೆಯ ಗುಡಿಗಳೂ ಶಾಸನಗಳೂ ವೀರಗಲ್ಲುಗಳೂ ಹೆಜ್ಜೆಹೆಜ್ಜೆಗೆ ಸಿಕ್ಕುವುವು. ಅಂಥ ನೆಲದಲ್ಲಿ ಹೊನ್ನು ಹೂಳಿಲ್ಲವೆಂದು ಹೇಳಿದರೆ ನಂಬುವವರು ಯಾರು? ತೋಟದ ಅಂಚಿನಲ್ಲಿದ್ದ ವೀರಗಲ್ಲಿನ ಕೆಳಗೆ ಕೊಪ್ಪರಿಗೆಯಿದೆಯೆಂದು ಅಂಜನದವನೊಬ್ಬನು ಹೇಳಿದನು. ಕಲ್ಲನ್ನು ಮೀಟಿ ಕೆಡವಿ, ಆಳುದ್ದ ಅಗೆದರು. ಸಿಕ್ಕಿದುದು ಮಣ್ಣು. ಅಮಾವಾಸ್ಯೆ ತಪ್ಪಿತೆಂದು ಅವನೂ, ಬಲಿ ಸಾಲದೆಂದು ಇನ್ನೊಬ್ಬನೂ ಹೇಳಿ, ಎರಡು ಎಕರೆ ಗದ್ದೆಯು ಕರಗುವವರೆಗೆ ಈ ಕಾರ್ಯವು ನಡೆಯಿತು. ಮೀಟಿದಾಗ ವೀರಗಲ್ಲು ನಡುವೆ ಸೀಳಿ, ಅದರಲ್ಲಿದ್ದ ನಾಲ್ಕು ಸಾಲು ಅಕ್ಷರಗಳು ಉದುರಿಹೋದುವು. ಯಾವ ವೀರನು, ಯಾವ ಊರಿನ ತುರುಗಳನ್ನು ಬಿಡಿಸಿ ಬಿದ್ದನೋ ಇನ್ನು ಯಾರೂ ಹೇಳಲಾರರು. ಬಾಲ್ಯದಲ್ಲಿ ಆ ಸೀಳುಗಲ್ಲಿನ ಮೇಲೆ ಕುಳಿತು ಮಾವಿನಕಾಯಿ ತಿಂದ ಹುಡುಗನಿಗೆ, ಅರವತ್ತೈದನೆಯ ವಯಸ್ಸಿನಲ್ಲಿ ನೆಲವನ್ನು ಶೋಧಿಸುವ ಯಂತ್ರವನ್ನು ಕೊಳ್ಳುವಾಗ ಕೈ ಹಿಂಜರಿದುದು ಸಹಜವೇ. ತನ್ನಲ್ಲಿರುವುದು ತಾತನ ಆಸೆಯೋ, ಬೇರೆಯ ಕುತೂಹಲವೋ ಎಂಬುದನ್ನು ಅವರು ಮೊದಲು ಗೊತ್ತುಮಾಡಿಕೊಳ್ಳಬೇಕಾಗಿತ್ತು.

ಯಂತ್ರದ ತತ್ತ್ವವೇನೋ ಸುಲಭವಾದುದು. ಒಂದು ತಂತಿಯ ಸುರುಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬದಲಾಯಿಸುವ ವಿದ್ಯುತ್ಪ್ರವಾಹವನ್ನು ಹರಿಯಿಸಿದರೆ ಅದರ ಸುತ್ತಲೂ ಕಾಂತಕ್ಷೇತ್ರವೊಂದು ಏಳುತ್ತದೆ. ಆ ಕ್ಷೇತ್ರದೊಳಗೆ ಲೋಹದ ತುಣುಕು ಬಂದರೆ ಅದರಲ್ಲಿ ಸಣ್ಣ ಸುಳಿಪ್ರವಾಹಗಳು ಹುಟ್ಟಿ, ಅವು ತಮ್ಮದೇ ಆದ ದುರ್ಬಲ ಕ್ಷೇತ್ರವನ್ನು ಎಬ್ಬಿಸುತ್ತವೆ. ಎರಡನೆಯ ಸುರುಳಿಯು ಅದನ್ನು ಹಿಡಿದು ಧ್ವನಿಯಾಗಿ ಮಾರ್ಪಡಿಸುತ್ತದೆ. ಉತ್ತರವು ಎಷ್ಟು ತಡವಾಗಿ ಬಂದಿತೆಂಬುದನ್ನು ಅಳೆದು ಲೋಹವು ಯಾವ ಜಾತಿಯದೆಂಬುದನ್ನೂ ಊಹಿಸಬಹುದು. ಬೆಳ್ಳಿ ತಾಮ್ರಗಳಂತೆ ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುವು ಒಂದು ತೆರನಾಗಿ ಉತ್ತರಿಸುತ್ತವೆ. ಸೀಸವೂ ತೆಳುವಾದ ಚಿನ್ನವೂ ಇನ್ನೊಂದು ತೆರನಾಗಿ. ಕಬ್ಬಿಣವು ಎಲ್ಲಕ್ಕಿಂತ ಬೇರೆಯಾಗಿ. ನುರಿತ ಕಿವಿಗೆ ಆ ಧ್ವನಿಗಳು ಸಂಗೀತಗಾರನಿಗೆ ಸ್ವರಗಳು ತಿಳಿಯುವಂತೆ ತಿಳಿಯುತ್ತವೆ.

ಈ ಸುರುಳಿಯು ಮೊದಲು ಹೆಸರಾದುದು ನಿಧಿಗಾಗಿ ಅಲ್ಲ, ಒಬ್ಬ ಮನುಷ್ಯನ ಪ್ರಾಣಕ್ಕಾಗಿ. 1881ನೆಯ ಇಸವಿ ಜುಲೈ 2ರಂದು ಅಮೆರಿಕದ ಅಧ್ಯಕ್ಷನಾದ ಜೇಮ್ಸ್ ಗಾರ್ಫೀಲ್ಡನಿಗೆ ಗುಂಡೇಟು ಬಿದ್ದಿತು. ಗುಂಡು ದೇಹದಲ್ಲಿ ಎಲ್ಲಿ ನಿಂತಿದೆಯೆಂಬುದು ತಿಳಿಯಲಿಲ್ಲ. ಎಕ್ಸ್-ಕಿರಣಗಳು ಬೆಳಕಿಗೆ ಬಂದುದು 1895ರಲ್ಲಿ. ಟೆಲಿಫೋನಿನಿಂದ ಪ್ರಸಿದ್ಧನಾಗಿದ್ದ ಅಲೆಗ್ಸಾಂಡರ್ ಗ್ರಹಾಂ ಬೆಲ್ಲನು ಸುರುಳಿಗಳ ಯಂತ್ರವೊಂದನ್ನು ಸಿದ್ಧಪಡಿಸಿ ರೋಗಿಯ ಬಳಿಗೆ ತಂದನು. ಹಾಸಿಗೆಯಲ್ಲಿದ್ದ ಲೋಹದ ತಂತಿಗಳು ಅದಕ್ಕೆ ಅಡ್ಡಿಯಾದುವೆಂದು ಹೇಳುತ್ತಾರೆ. ಅದಕ್ಕಿಂತಲೂ ದೊಡ್ಡ ಅಡ್ಡಿಯೆಂದರೆ ಮುಖ್ಯ ವೈದ್ಯನದು. ಗುಂಡು ಬಲಗಡೆಯಲ್ಲಿದೆಯೆಂದು ಅವನು ನಿಶ್ಚಯಿಸಿಬಿಟ್ಟಿದ್ದನು. ಬೆಲ್ಲನಿಗೆ ಆ ಕಡೆಯಲ್ಲಿ ಮಾತ್ರ ಹುಡುಕಗೊಟ್ಟನು. ಸೆಪ್ಟೆಂಬರ್ 19ರಂದು ಅಧ್ಯಕ್ಷನು ತೀರಿಕೊಂಡ ಮೇಲೆ ಪರೀಕ್ಷಿಸಿ ನೋಡಿದರೆ ಗುಂಡು ಬೆನ್ನೆಲುಬಿನ ಎಡಗಡೆಯಲ್ಲಿದ್ದಿತು. ಸಫಕ್ಕಿನ ವೈದ್ಯರು ಈ ಕಥೆಯನ್ನು ಹೇಳುವಾಗ ತಮ್ಮ ವೃತ್ತಿಬಾಂಧವನ ಪಕ್ಷವನ್ನು ಸ್ವಲ್ಪವೂ ವಹಿಸುವುದಿಲ್ಲ.

ಅನಂತರ ಗೆರ್ಹಾರ್ಡ್ ಫಿಷರ್ ಎಂಬವನು, ವಿಮಾನಗಳ ರೇಡಿಯೋ ದಿಕ್ಸೂಚಿಯು ಅದಿರಿರುವ ನೆಲದ ಹತ್ತಿರ ತಪ್ಪುವುದನ್ನು ಗಮನಿಸಿ, ಆ ತಪ್ಪನ್ನೇ ಉಪಯೋಗಕ್ಕೆ ತಂದು 1937ರಲ್ಲಿ ಸ್ವಾಮ್ಯಪತ್ರವನ್ನು ಪಡೆದನು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಯೋಧ ಯೂಜೆಫ್ ಕೊಸಾಟ್ಸ್ಕಿಯು ಸ್ಕಾಟ್ಲೆಂಡಿನಲ್ಲಿದ್ದುಕೊಂಡು ಕೈಯಲ್ಲಿ ಹಿಡಿದು ನಡೆಯಬಹುದಾದ ಬಾಂಬುಶೋಧಕವನ್ನು ರಚಿಸಿದನು. 1942ರಲ್ಲಿ ಎಲ್ ಅಲಮೇನಿನ ಮರಳಿನಲ್ಲಿ ಸೈನ್ಯಕ್ಕೆ ಅದು ದಾರಿ ಮಾಡಿಕೊಟ್ಟಿತು. ಬೆಂಗಳೂರಿನಲ್ಲಿ ನೆಲೆಯುಳ್ಳ ಮದರಾಸು ಸ್ಯಾಪರ್ಸ್ ದಳದವರಿಗೂ ಈ ಕೆಲಸವು ಬಂದಿತು. ಆ ದಳದ ಸುಬೇದಾರ್ ಸುಬ್ರಹ್ಮಣ್ಯನ್ ಎಂಬವರು 1944ರ ಫೆಬ್ರವರಿಯಲ್ಲಿ ಇಟಲಿಯ ಮಿನ್ಯಾನೊ ಎಂಬಲ್ಲಿ, ಸಂಗಡಿಗನೊಬ್ಬನು ತುಳಿದ ನೆಲಬಾಂಬಿನ ಮೇಲೆ ತಾವೇ ಬಿದ್ದು ಉಳಿದವರನ್ನು ಕಾಪಾಡಿದರು. ಮರಣಾನಂತರ ಅವರಿಗೆ ಜಾರ್ಜ್ ಕ್ರಾಸ್ ಸಂದಿತು. ಭಾನುವಾರದ ಹೊಲದಲ್ಲಿ ಹಳೆಯ ಗುಂಡಿಗಳನ್ನು ಹುಡುಕುವವರ ಕೈಯಲ್ಲಿರುವ ಕೋಲಿನ ಪೂರ್ವಜನು ಇಂಥದು.

ಈಗ ಮಾರಾಟಕ್ಕಿರುವ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ವಂಶಗಳುಂಟು. ಒಂದು, ಮೇಲೆ ಹೇಳಿದಂತೆ ಅಲೆಯನ್ನು ಎಡೆಬಿಡದೆ ಕಳುಹಿಸುತ್ತಲೇ ಉತ್ತರವನ್ನೂ ಕೇಳುವುದು. ಇನ್ನೊಂದು, ಪ್ರವಾಹವನ್ನು ತಟಕ್ಕನೆ ಹೊಡೆದು ನಿಲ್ಲಿಸಿ, ಆಮೇಲೆ ಮೌನದಲ್ಲಿ ಕಿವಿಗೊಡುವುದು. ಇದಕ್ಕೆ ಪಲ್ಸ್ ಯಂತ್ರವೆಂದು ಹೆಸರು. ಕಬ್ಬಿಣದ ಅಂಶವು ತುಂಬಿದ ಕೆಮ್ಮಣ್ಣಿನಲ್ಲಿಯೂ ಉಪ್ಪುನೀರಿನ ದಡದಲ್ಲಿಯೂ ಮೊದಲನೆಯದು ನೆಲದ ಗದ್ದಲಕ್ಕೇ ಕಂಗೆಡುವುದುಂಟು. ಎರಡನೆಯದು ಆ ಗದ್ದಲವು ಅಡಗಿದ ಮೇಲೆ ಕೇಳುವುದರಿಂದ ಹೆಚ್ಚು ಆಳಕ್ಕೆ ಹೋಗುತ್ತದೆ. ಆದರೆ ಮೊಳೆಗೂ ಚಿನ್ನಕ್ಕೂ ಭೇದವನ್ನು ತಿಳಿಸುವುದರಲ್ಲಿ ಅದು ಬಡವು, ಸದ್ದಾದುದನ್ನೆಲ್ಲ ಅಗೆಯಬೇಕು. ಆಸ್ಟ್ರೇಲಿಯದ ವಿಕ್ಟೋರಿಯಾ ಪ್ರಾಂತದಲ್ಲಿ ಚಿನ್ನದ ಗಟ್ಟಿಗಳನ್ನು ಅರಸುವವರು ಇದನ್ನೇ ಆದರಿಸುತ್ತಾರೆ. ಅಲ್ಲಿಯ ಕಿಂಗೋವರ್ ಎಂಬಲ್ಲಿ 1980ರಲ್ಲಿ, ಪಲ್ಸ್ ಯಂತ್ರಗಳು ಆ ಹೊಲಗಳನ್ನು ಆಳುವುದಕ್ಕೆ ಮುಂಚೆಯೇ, ಶೋಧಕವೊಂದರಿಂದ 27.2 ಕಿಲೋಗ್ರಾಂ ತೂಕದ ಗಟ್ಟಿಯೊಂದು ದೊರೆಯಿತು. ‘ಹ್ಯಾಂಡ್ ಆಫ್ ಫೇತ್’ ಎಂಬ ಆ ಗಟ್ಟಿಯ ಹೆಸರು ಕೇಳಿ ಕೋಲನ್ನು ಹಿಡಿದವರು ಎಷ್ಟು ಮಂದಿಯೋ.

ವೈದ್ಯರಿಗೆ ಮೊದಲು ಮರುಳು ಹಿಡಿಸಿದುದು ಈ ಪಲ್ಸ್ ಯಂತ್ರವೇ. ಎಲ್ಲಕ್ಕಿಂತ ಆಳ, ಎಲ್ಲಕ್ಕಿಂತ ಬೆಲೆ. ಆದರೆ ಸಫಕ್ಕಿನ ಜೇಡಿಮಣ್ಣು ವಿಕ್ಟೋರಿಯಾದ ಕೆಮ್ಮಣ್ಣಲ್ಲ. ಅದರಲ್ಲಿ ಶೋಧಕವನ್ನು ಕಂಗೆಡಿಸುವಷ್ಟು ಕಬ್ಬಿಣದ ಅಂಶವಿಲ್ಲ. ಅಲ್ಲಿ ಚಿನ್ನದ ಗಟ್ಟಿಗಳೂ ಇಲ್ಲ. ಇರುವುದು ಎರಡು ಸಾವಿರ ವರ್ಷಗಳಿಂದ ಉತ್ತು ಬಿತ್ತಿದ ಜನರು ಚೆಲ್ಲಿದ ಸಾಮಾನು, ಮತ್ತು ಅದಕ್ಕೆ ನೂರುಪಾಲು ಮೊಳೆ. ಅಂಥ ನೆಲಕ್ಕೆ ಪಲ್ಸ್ ಯಂತ್ರವನ್ನು ಒಯ್ಯುವುದೆಂದರೆ ಕೆರೆಯ ಮೀನಿಗೆ ಕಡಲ ಬಲೆಯನ್ನು ಹೊತ್ತು ಹೋದಂತೆ. ಕೋಲಾರದ ಚಿನ್ನದ ಗಣಿಗಳನ್ನು ನೆನೆಸಿಕೊಂಡು ಕನ್ನಡ ವಾಚಕರು ಯಂತ್ರವನ್ನು ತರಿಸಬೇಕೆಂದಿದ್ದರೆ ಅವರಿಗೂ ಇಲ್ಲೊಂದು ಮಾತು ಹೇಳಬಹುದು. 2001ರಲ್ಲಿ ಮುಚ್ಚಿದ ಆ ಗಣಿಗಳಲ್ಲಿ ಹೊನ್ನು ಗಟ್ಟಿಗಳಾಗಿ ಬಿದ್ದಿರಲಿಲ್ಲ. ಬಿಳಿಗಲ್ಲಿನ ಪದರದಲ್ಲಿ ಕಣಕಣವಾಗಿ ಬೆರೆತು 3 ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿದ್ದಿತು. ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ತೊಳೆದು ತೆಗೆಯುತ್ತಿದ್ದುದೂ ಪುಡಿಯನ್ನೇ. ಪುಡಿಗೆ ಈ ಕೋಲು ಕುರುಡು, ಮರಿಗೆಯೇ ಮೇಲು.

ಎರಡನೆಯ ಪ್ರಶ್ನೆಯು ಆವರ್ತನದ್ದು. ಸೆಕೆಂಡಿಗೆ ಕೆಲವೇ ಸಾವಿರ ಸಲ ತಿರುಗುವ ಅಲೆಯು ಆಳಕ್ಕೆ ಇಳಿದು ದೊಡ್ಡ ತಾಮ್ರದ ನಾಣ್ಯ, ದಪ್ಪ ಬೆಳ್ಳಿ ಇವನ್ನು ಚೆನ್ನಾಗಿ ಹಿಡಿಯುತ್ತದೆ. ವೇಗವು ಹೆಚ್ಚಿದಷ್ಟೂ ಸಣ್ಣ, ತೆಳುವಾದ ವಸ್ತುಗಳು ಕೇಳುತ್ತವೆ; ನೆಲದ ಗದ್ದಲವೂ ಕೇಳುತ್ತದೆ. ಹೊಸಬರು ಬಹಳವಾಗಿ ಕೊಳ್ಳುತ್ತಿದ್ದ ಗ್ಯಾರೆಟ್ ಏಸ್ 250 ಎಂಬುದು 6.5 ಕಿಲೋಹರ್ಟ್ಸಿನದು, ಸಾಸಿವೆಯಂಥ ಚಿನ್ನದ ಚೂರುಗಳಿಗೆಂದೇ ಮಾಡಿದ ಫಿಷರ್ ಗೋಲ್ಡ್ ಬಗ್ 2 ಎಂಬುದು 71 ಕಿಲೋಹರ್ಟ್ಸಿನದು. ಒಂದನ್ನು ಇನ್ನೊಂದರ ಕೆಲಸಕ್ಕೆ ಹಚ್ಚಿ, ಆಮೇಲೆ ಯಂತ್ರವನ್ನು ಬೈಯುವವರು ಹಲವರುಂಟು. 2018ರಲ್ಲಿ ಬಂದ ಮೈನ್‌ಲ್ಯಾಬ್ ಈಕ್ವಿನಾಕ್ಸಿನಂಥವು ಹಲವು ಆವರ್ತನಗಳನ್ನು ಒಮ್ಮೆಗೇ ಕಳುಹಿಸಿ ಈ ಜಗಳವನ್ನು ಬಹುಮಟ್ಟಿಗೆ ತೀರಿಸಿವೆ. ಒದ್ದೆ ಮರಳಿನ ಮೇಲೂ ಅವು ತಾಳಿಕೊಳ್ಳುತ್ತವೆ. ಆದರೂ ಸಮುದ್ರವನ್ನು ಎಂದೂ ಕಾಣದವನು ಸಮುದ್ರಕ್ಕಾಗಿ ಹಣ ಕೊಡಬೇಕೆ ಎಂಬುದು ಉಳಿಯುತ್ತದೆ. ವೈದ್ಯರ ಮನೆಗೆ ಕಡಲು ಒಂದು ಗಂಟೆಯ ದಾರಿ. ಚಳಿಗಾಳಿಯಲ್ಲಿ ದಡದ ಮೇಲೆ ನಿಲ್ಲುವುದಕ್ಕೆ ಅವರು ಒಪ್ಪರು.

ಸುರುಳಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ದೊಡ್ಡದು ಆಳವನ್ನು ಕಾಣುತ್ತದೆ, ಸಣ್ಣದು ಮೊಳೆಗಳ ನಡುವೆ ನುಸುಳುತ್ತದೆ. ಇಬ್ಬರಿಗೂ ಬೇಕಾದ ನಡುಗಾತ್ರದ್ದು ಯಂತ್ರದೊಡನೆಯೇ ಬರುತ್ತದೆ.

ತೂಕ ಮತ್ತು ಧ್ವನಿಯ ವಿಷಯವು ಹಾಗಲ್ಲ. ವರ್ಣನಾಪತ್ರಿಕೆಗಳು ಆಳವನ್ನು ದಪ್ಪಕ್ಷರಗಳಲ್ಲಿ ಅಚ್ಚುಹಾಕಿ ತೂಕವನ್ನು ಮೂಲೆಯಲ್ಲಿ ಸಣ್ಣದಾಗಿ ಬರೆಯುತ್ತವೆ. ಹೊಲದಲ್ಲಿ ಆ ಕ್ರಮವು ತಲೆಕೆಳಗಾಗುತ್ತದೆ. ಒಂದು ಮುಂಜಾನೆಯಲ್ಲಿ ಕೋಲನ್ನು ಸಾವಿರಾರು ಸಲ ಎಡದಿಂದ ಬಲಕ್ಕೆ ಬೀಸಬೇಕು. 1.34 ಕಿಲೋಗ್ರಾಮಿನ ಈಕ್ವಿನಾಕ್ಸಿಗೂ, ಒಂದು ಕಿಲೋಗ್ರಾಮಿಗೆ ಒಳಗಿರುವ ಫ್ರಾನ್ಸಿನ ಎಕ್ಸ್‌ಪಿ ಡೇಯಸ್ಸಿಗೂ ಅಂಗಡಿಯಲ್ಲಿ ಎತ್ತಿ ನೋಡಿದರೆ ಅಂತರವೇ ತೋರದು. ಹನ್ನೊಂದು ಗಂಟೆಯ ಹೊತ್ತಿಗೆ ಭುಜವು ಅದನ್ನು ಲೆಕ್ಕಹಾಕಿ ಹೇಳುತ್ತದೆ. ಬೇಸತ್ತ ತೋಳು ಸುರುಳಿಯನ್ನು ನೆಲದಿಂದ ನಾಲ್ಕು ಬೆರಳು ಮೇಲೆತ್ತಿಯೇ ಬೀಸುವುದು. ಹೆಚ್ಚು ಹಣ ಕೊಟ್ಟು ಕೊಂಡ ಆಳದಲ್ಲಿ ನಾಲ್ಕು ಬೆರಳು ಅಲ್ಲಿಗೇ ಹೋಯಿತು. ಇನ್ನು ಕಿವಿ. ವಯಸ್ಸಾದವರಿಗೆ ಮೊದಲು ಕೈಕೊಡುವುದು ಎತ್ತರದ ಸ್ವರಗಳು. ಈ ಯಂತ್ರಗಳು ಬೆಳ್ಳಿಯನ್ನು ಸಾರುವುದೋ ಎತ್ತರದ ಸ್ವರದಲ್ಲಿಯೇ. ವೈದ್ಯರು ತಮ್ಮ ಶ್ರವಣಪರೀಕ್ಷೆಯ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋದರು. ಸ್ವರಗಳನ್ನು ಬೇಕಾದಂತೆ ಕೆಳಕ್ಕೆ ಇಳಿಸಿಕೊಳ್ಳಬಹುದೇ ಎಂಬ ಅವರ ಪ್ರಶ್ನೆಯನ್ನು ಅಂಗಡಿಯ ಹುಡುಗನು ಅದುವರೆಗೆ ಯಾರಿಂದಲೂ ಕೇಳಿರಲಿಲ್ಲವಂತೆ. ಕೆಲವು ಯಂತ್ರಗಳಲ್ಲಿ ಹಾಗೆ ಮಾಡಬಹುದು, ಕೆಲವರಲ್ಲಿ ಆಗದು. ಕನ್ನಡಕವನ್ನು ಕಣ್ಣಿಗೆ ಹೊಂದಿಸಿ ಕೊಳ್ಳುವ ಲೋಕವು ಇದನ್ನು ಕಿವಿಗೆ ಹೊಂದಿಸಿ ಕೊಳ್ಳದಿರುವುದು ಸೋಜಿಗವೇ ಸರಿ.

ಇಷ್ಟೆಲ್ಲ ಆದ ಮೇಲೂ ನಿಜವಾದ ತೊಡಕು ಉಳಿದುದು ವಿವೇಚನೆಯ ವಿಷಯದಲ್ಲಿ. ಬೇಡದ ಲೋಹಗಳಿಗೆ ಯಂತ್ರವು ಬಾಯಿ ಮುಚ್ಚಿಕೊಂಡಿರುವಂತೆ ಮಾಡುವ ಶಕ್ತಿಗೆ ಅಲ್ಲಿಯವರು ಡಿಸ್ಕ್ರಿಮಿನೇಷನ್ ಎನ್ನುತ್ತಾರೆ. ಮೊಳೆ, ಲಾಳ, ಡಬ್ಬಿಯ ಚೂರುಗಳು ಕೇಳಿಸದೆ ಹೋದರೆ ಹುಡುಕುವವನ ಬೆನ್ನಿಗೆ ಎಷ್ಟೋ ಸುಖ. ಆದರೆ ಪಾನೀಯದ ಡಬ್ಬಿಗಳಿಂದ ಕಿತ್ತು ಎಸೆದ ಅಲ್ಯೂಮಿನಿಯಮ್ ಕೊಂಡಿಯೂ ಚಿನ್ನದ ಉಂಗುರವೂ ಯಂತ್ರಕ್ಕೆ ಹೆಚ್ಚು ಕಡಿಮೆ ಒಂದೇ ಸ್ವರ. ಕೊಂಡಿಯನ್ನು ಮೌನಗೊಳಿಸಿದವನು ಉಂಗುರವನ್ನೂ ಮೌನಗೊಳಿಸಿದನು. ಇನ್ನೂ ಒಂದು ಕಷ್ಟವುಂಟು: ಮೊಳೆಯ ಪಕ್ಕದಲ್ಲಿ ನಾಣ್ಯವು ಬಿದ್ದಿದ್ದರೆ, ಮೊಳೆಯನ್ನು ತಳ್ಳಿಹಾಕುವ ನಿಧಾನವಾದ ಯಂತ್ರವು ನಾಣ್ಯವನ್ನೂ ಅದರೊಡನೆ ನುಂಗಿಬಿಡುತ್ತದೆ. ಬೇಗ ಚೇತರಿಸಿಕೊಂಡು ಎರಡನ್ನೂ ಬೇರೆಬೇರೆಯಾಗಿ ಹೇಳುವುದೇ ಡೇಯಸ್ಸಿನಂಥ ಯಂತ್ರಗಳ ಹೆಚ್ಚುಗಾರಿಕೆ. ಮನೆಯಿದ್ದ ಜಾಗಗಳಲ್ಲಿ ಮೊಳೆಗಳು ರಾಶಿಯಾಗಿರುವುದರಿಂದ, ಹಳೆಯ ವಸ್ತುಗಳು ಸಿಕ್ಕತಕ್ಕ ಕಡೆಯಲ್ಲಿಯೇ ಇದರ ಆವಶ್ಯಕತೆ ಹೆಚ್ಚು.

ವೈದ್ಯರು ಇದನ್ನು ತಮ್ಮ ಹಿತ್ತಲಿನಲ್ಲಿ ಪರೀಕ್ಷಿಸಿದರು. ಸಂಘದ ಗೆಳೆಯರಿಂದ ಎರಡು ಯಂತ್ರಗಳನ್ನು ಎರವು ತಂದು, ಒಂದು ಗೇಣು ಆಳದಲ್ಲಿ ಕೆಲವು ವಸ್ತುಗಳನ್ನು ಹೂಳಿಟ್ಟರು. ತೆಳುವಾದ ಬೆಳ್ಳಿಯ ನಾಣ್ಯ ಒಂದು, ಸೀಸದ ಗುಂಡು ಒಂದು, ಅಲ್ಯೂಮಿನಿಯಮ್ ಕೊಂಡಿ ಒಂದು; ಇವುಗಳ ಜೊತೆಗೆ ಒಂದು ತಾಮ್ರದ ಹತ್ತು ಕಾಸಿನ ನಾಣ್ಯವನ್ನು ಎರಡು ಮೊಳೆಗಳ ನಡುವೆ. ಈ ಹತ್ತು ಕಾಸಿಗೂ ಒಂದು ಕಥೆಯುಂಟು. ಈಸ್ಟ್ ಇಂಡಿಯಾ ಕಂಪೆನಿಯವರು ಮದರಾಸಿನ ಸೀಮೆಗಾಗಿ 1808ರಲ್ಲಿ ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಅಚ್ಚುಹಾಕಿಸಿದ ಕಾಸುಗಳನ್ನು ಹೇರಿಕೊಂಡು ಹೊರಟ ಅಡ್ಮಿರಲ್ ಗಾರ್ಡ್ನರ್ ಎಂಬ ಹಡಗು, 1809ರ ಜನವರಿಯಲ್ಲಿ ಇಂಗ್ಲೆಂಡಿನ ದಡವನ್ನು ಬಿಡುವುದರೊಳಗಾಗಿ ಗುಡ್ವಿನ್ ಮರಳುದಿಣ್ಣೆಗೆ ಬಡಿದು ಮುಳುಗಿತು. ನೂರೆಪ್ಪತ್ತಕ್ಕೂ ಮೀರಿದ ವರ್ಷಗಳ ಮೇಲೆ ಮುಳುಗುಗಾರರು ಮೇಲೆತ್ತಿದ ಆ ಕಾಸುಗಳು ಈಗ ನಾಣ್ಯದ ಅಂಗಡಿಗಳಲ್ಲಿ ಅಗ್ಗವಾಗಿ ಸಿಕ್ಕುತ್ತವೆ. ತೆಂಕಣ ಇಂಡಿಯಕ್ಕೆ ಸೇರಬೇಕಾಗಿದ್ದ ಕಾಸೊಂದು, ತೆಂಕಣ ಇಂಡಿಯದವನೊಬ್ಬನ ಹಿತ್ತಲಿನಲ್ಲಿ ಕೊನೆಗೂ ಮಣ್ಣು ಸೇರಿತು.

ಪರೀಕ್ಷೆಯಲ್ಲಿ ನಿಧಾನದ ಯಂತ್ರವು ಮೊಳೆಗಳ ನಡುವಿನ ಕಾಸನ್ನು ಒಂದು ಸಲವೂ ಹೇಳಲಿಲ್ಲ. ಚುರುಕಿನದು ಎರಡು ದಿಕ್ಕಿನಿಂದ ಬೀಸಿದಾಗ ಹೇಳಿತು. ಮೂರನೆಯ ದಿಕ್ಕಿನಿಂದ ಸುಮ್ಮನಿದ್ದಿತು. ವಿವೇಚನೆಯನ್ನು ಪೂರ್ಣವಾಗಿ ತೆಗೆದುಹಾಕಿ, ಕಬ್ಬಿಣಕ್ಕೂ ಒಂದು ತಗ್ಗಿದ ಗೊರಗುಟ್ಟುವ ಸದ್ದನ್ನು ಕೊಟ್ಟಾಗ ಮಾತ್ರ ಆ ಜಾಗದಲ್ಲಿ ಎರಡು ತೆರದ ವಸ್ತುಗಳಿವೆಯೆಂಬುದು ಎಲ್ಲ ದಿಕ್ಕಿನಿಂದಲೂ ತಿಳಿಯಿತು. ಆದರೆ ಆ ಸದ್ದನ್ನು ಮೂರು ಗಂಟೆಗಳ ಕಾಲ ಕೇಳುವುದು ಸುಲಭವಲ್ಲ. ಜ್ವರದ ವಾರ್ಡಿನಲ್ಲಿ ಒಂದು ರಾತ್ರಿ ಕಳೆದಂತೆ ಎಂದು ವೈದ್ಯರು ಅದನ್ನು ಬಣ್ಣಿಸುತ್ತಾರೆ.

ದುಡ್ಡು ಹೆಚ್ಚು ಕೊಟ್ಟವನಿಗೆ ಹೆಚ್ಚು ಸಿಕ್ಕುವುದೆಂಬ ನಂಬಿಕೆಯು ಈ ಹವ್ಯಾಸದಲ್ಲಿ ಬಲವಾಗಿದೆ. ನಡೆದ ಸಂಗತಿಗಳು ಅದಕ್ಕೆ ಒತ್ತಾಸೆಯಾಗಿಲ್ಲ. 2009ರ ಜುಲೈ ತಿಂಗಳಲ್ಲಿ ಸ್ಟ್ಯಾಫರ್ಡ್‌ಶೈರಿನ ಹೊಲವೊಂದರಲ್ಲಿ ಟೆರಿ ಹರ್ಬರ್ಟ್ ಎಂಬವನಿಗೆ ಆಂಗ್ಲೋ-ಸ್ಯಾಕ್ಸನ್ ಕಾಲದ ಚಿನ್ನ ಬೆಳ್ಳಿಗಳ ಬಹುದೊಡ್ಡ ನಿಧಿ ದೊರೆಯಿತು. ಕತ್ತಿಗಳ ಹಿಡಿಯಿಂದ ಕಿತ್ತ ಅಲಂಕಾರಗಳೇ ಅದರಲ್ಲಿ ಹೆಚ್ಚು, ಬೆಲೆಯು 32 ಲಕ್ಷ 85 ಸಾವಿರ ಪೌಂಡೆಂದು ಗೊತ್ತಾಯಿತು. ಅವನ ಕೈಯಲ್ಲಿದ್ದುದು ಹದಿನಾಲ್ಕು ವರ್ಷದ ಹಳೆಯ ಯಂತ್ರ. ಹಳೆಯ ಸಾಮಾನಿನ ಸಂತೆಯಲ್ಲಿ ಎರಡೂವರೆ ಪೌಂಡಿಗೆ ಕೊಂಡುದೆಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಸಫಕ್ಕಿನ ಹಾಕ್ಸ್ನ್ ಎಂಬ ಊರಿನಲ್ಲಿ 1992ರ ನವೆಂಬರಿನಲ್ಲಿ ಎರಿಕ್ ಲಾಸ್ ಎಂಬವನು ಹೊಲಕ್ಕೆ ಇಳಿದುದಂತೂ ನಿಧಿಗಾಗಿ ಅಲ್ಲವೇ ಅಲ್ಲ. ಗೆಳೆಯನಾದ ರೈತನು ಕಳೆದುಕೊಂಡ ಸುತ್ತಿಗೆಯನ್ನು ಹುಡುಕುವುದಕ್ಕಾಗಿ. ಸಿಕ್ಕಿದುದು ರೋಮನರ ಕಾಲದ ಸುಮಾರು 15,000 ನಾಣ್ಯಗಳೂ ಚಿನ್ನ ಬೆಳ್ಳಿಯ ಒಡವೆ ಪಾತ್ರೆಗಳೂ. ಲಾಸನು ಕೊಂಚ ತೆಗೆದವನು, ಇದು ತನ್ನಿಂದ ಆಗತಕ್ಕುದಲ್ಲವೆಂದು ಕೈ ತಡೆದು, ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದನು. ಪ್ರಾಚ್ಯವಸ್ತು ಪಂಡಿತರು ಬಂದು ಅಗೆದಾಗ, ಮರದ ಪೆಟ್ಟಿಗೆಯೊಂದರಲ್ಲಿ ವಸ್ತುಗಳನ್ನು ಜೋಡಿಸಿಟ್ಟಿದ್ದ ಕ್ರಮವೂ ತಿಳಿಯಿತು. ಪೆಟ್ಟಿಗೆಯ ಹಲಗೆಗಳು ಕೊಳೆತುಹೋಗಿದ್ದುವು. ಅಳಿದುಳಿದ ಗುರುತುಗಳನ್ನು ಅವಸರದ ಸಲಿಕೆಯೊಂದು ಹತ್ತು ನಿಮಿಷಗಳಲ್ಲಿ ಅಳಿಸಿಬಿಡುತ್ತಿದ್ದಿತು. 17 ಲಕ್ಷ 50 ಸಾವಿರ ಪೌಂಡುಗಳ ಬಹುಮಾನವನ್ನು ಲಾಸನು ರೈತನೊಡನೆ ಹಂಚಿಕೊಂಡನು. ಸುತ್ತಿಗೆಯೂ ಸಿಕ್ಕಿತು, ಅದು ಕೂಡ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿತು.

ವೈದ್ಯರು ಲಾಸನ ಈ ವೃತ್ತಾಂತವನ್ನು ಓದಿದ ರಾತ್ರಿ ಬಹಳ ಹೊತ್ತು ಎದ್ದಿದ್ದರೆಂದು ಅವರ ಪತ್ನಿಯು ಹೇಳುತ್ತಾರೆ. ವೀರಗಲ್ಲಿನ ಕಥೆಯನ್ನು ಆಕೆಗೆ ಅವರು ಪೂರ್ತಿಯಾಗಿ ಹೇಳಿದುದು ಅಂದೇ. ಕೇಳಿದ ಮೇಲೆ ಆಕೆ, “ಹಾಗಾದರೆ ಬೇಡವೆನ್ನಿ, ಬಿಟ್ಟುಬಿಡಿ. ಕೊಳ್ಳುವುದಾದರೆ, ಏನು ಸಿಕ್ಕಿದರೂ ಎಲ್ಲಿ ಸಿಕ್ಕಿತೆಂದು ಬರೆದಿಡುತ್ತೇನೆಂದು ಹೇಳಿ ಕೊಳ್ಳಿ,” ಎಂದರು. ನಾಲ್ಕು ತಿಂಗಳ ವರ್ಣನಾಪತ್ರಿಕೆಗಳಲ್ಲಿ ಸಿಕ್ಕದ ಉತ್ತರವು ಇದರಲ್ಲಿದ್ದಿತು.

ಅಲ್ಲಿಯ ಕಾಯಿದೆಯೂ ಇದಕ್ಕೆ ಅನುಕೂಲವಾಗಿದೆ. 1996ರ ನಿಧಿ ಕಾಯಿದೆಯ ಪ್ರಕಾರ, ನಿಧಿಯೆನಿಸತಕ್ಕುದು ಸಿಕ್ಕಿದರೆ 14 ದಿನಗಳೊಳಗಾಗಿ ಕರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ಸಂರಕ್ಷಿತ ಸ್ಮಾರಕಗಳ ನೆಲದಲ್ಲಿ ಅಪ್ಪಣೆಯಿಲ್ಲದೆ ಶೋಧಕವನ್ನು ಹಿಡಿಯುವುದೇ ಅಪರಾಧ. ನಿಧಿಯಲ್ಲದ ಸಣ್ಣಪುಟ್ಟ ವಸ್ತುಗಳನ್ನೂ ತಂದು ತೋರಿಸಿ ಬರೆಸಲೆಂದು 1997ರಲ್ಲಿ ಒಂದು ಏರ್ಪಾಡು ಆರಂಭವಾಗಿ, ಜಿಲ್ಲೆಜಿಲ್ಲೆಗೂ ಅದರ ಅಧಿಕಾರಿಗಳಿದ್ದಾರೆ. ಹತ್ತು ಲಕ್ಷಕ್ಕೂ ಮಿಕ್ಕ ವಸ್ತುಗಳು ಅವರ ದಾಖಲೆಯನ್ನು ಸೇರಿವೆ. ಎಲ್ಲರೂ ಲಾಸನಂಥವರೆಂದಲ್ಲ. 2015ರಲ್ಲಿ ಲೆಮ್‌ಸ್ಟರಿನ ಹತ್ತಿರ ವೈಕಿಂಗರ ಕಾಲದ ನಿಧಿಯನ್ನು ಕಂಡ ಇಬ್ಬರು ಅದನ್ನು ಬಚ್ಚಿಟ್ಟು ಮಾರತೊಡಗಿ, 2019ರಲ್ಲಿ ಸೆರೆಮನೆಗೆ ಹೋದರು; ನೂರಾರು ನಾಣ್ಯಗಳಲ್ಲಿ ಕೈಗೆ ಬಂದುವು ಕೆಲವೇ. ಇಂಡಿಯದಲ್ಲಿ 1878ರಷ್ಟು ಹಿಂದೆಯೇ ಬಂದ ಕಾಯಿದೆಯು, ಹತ್ತು ರೂಪಾಯಿಗೆ ಮೇಲ್ಪಟ್ಟ ನಿಧಿಯನ್ನು ಕಲೆಕ್ಟರಿಗೆ ತಿಳಿಸಬೇಕೆಂದು ವಿಧಿಸಿತ್ತು. ವೈದ್ಯರ ತಾತನವರಿಗೆ ಆ ಕಾಯಿದೆಯು ಗೊತ್ತಿದ್ದಿತೋ ಇಲ್ಲವೋ. ತಿಳಿಸಬೇಕಾದ ಪ್ರಸಂಗವು ಅವರಿಗೆ ಒದಗಲೇ ಇಲ್ಲ.

ಕೊನೆಗೆ ವೈದ್ಯರು ಕೊಂಡುದು ಹಗುರವಾದ, ಚುರುಕಾದ, ಸ್ವರಗಳನ್ನು ಇಳಿಸಿಕೊಳ್ಳಬಹುದಾದ ಯಂತ್ರವನ್ನು. ಅದೂ ಗೆಳೆಯನೊಬ್ಬನು ಎರಡು ವರ್ಷ ಬಳಸಿ ಬಿಟ್ಟುದನ್ನು. ಆಳದಲ್ಲಿ ಅದಕ್ಕಿಂತ ಮೇಲಾದುವು ಮೂರು ನಾಲ್ಕು ಇದ್ದುವು. ನೇಗಿಲು ತಿರುಗಿಸುವ ಪದರಕ್ಕಿಂತ ಕೆಳಗೆ ಇರುವುದು ಕದಲದೆ ತನ್ನ ಜಾಗದಲ್ಲಿಯೇ ಇದೆ, ಅದನ್ನು ತೆಗೆಯುವ ಕೆಲಸವು ಪಂಡಿತರದು ಎಂದು ಅವರು ಆ ಆಳವನ್ನು ಬೇಕೆಂದೇ ಬಿಟ್ಟುಕೊಟ್ಟರು. ವಿವೇಚನೆಯನ್ನು ಪೂರ್ಣವಾಗಿ ತೆಗೆದುಹಾಕಿಯೇ ನಡೆಯುತ್ತಾರೆ. ಇದನ್ನು ಸಂಘದವರಲ್ಲಿ ಹೆಚ್ಚು ಮಂದಿ ಒಪ್ಪುವುದಿಲ್ಲ; ಅವರ ಬೆನ್ನುಗಳಿಗೆ ಅವರವರೇ ಒಡೆಯರು. ದಿನಕ್ಕೆ ಮೂರು ಗಂಟೆಯ ಬದಲು ಒಂದೂವರೆ ಗಂಟೆ ಮಾತ್ರ ನಡೆಯುವುದೆಂದು ವೈದ್ಯರು ತಮಗೆ ತಾವೇ ಔಷಧದ ಪ್ರಮಾಣವನ್ನು ಬರೆದುಕೊಂಡಿದ್ದಾರೆ.

ಮೂರು ಚಳಿಗಾಲಗಳಲ್ಲಿ ಅವರಿಗೆ ಸಿಕ್ಕಿದುದು ತೆಳುವಾಗಿ ಸವೆದ ಬೆಳ್ಳಿಯ ನಾಣ್ಯಗಳು ಆರು, ಕಂಚಿನ ರೋಮನ್ ನಾಣ್ಯಗಳು ಹನ್ನೊಂದು, ಸೀಸದ ಗುಂಡುಗಳು, ಅಂಗುಸ್ತಾನ ಎರಡು, ವಿಕ್ಟೋರಿಯಾ ರಾಣಿಯ ಪೆನ್ನಿಗಳು, ಬಂದೂಕಿನ ತೋಟಾಗಳ ಹಿತ್ತಾಳೆಯ ತಲೆಗಳು ಲೆಕ್ಕವಿಲ್ಲದಷ್ಟು. ಮೊಳೆಗಳು ನಾಲ್ಕು ನೂರ ಹನ್ನೆರಡು. ಇವುಗಳಲ್ಲಿ ಪ್ರತಿಯೊಂದರ ಜಾಗವನ್ನೂ ಹೊಲದ ನಕ್ಷೆಯ ಮೇಲೆ ಚುಕ್ಕೆಯಿಟ್ಟು ಗುರುತಿಸಿದವರು ಪತ್ನಿ: ಬೆಳ್ಳಿಗೆ ನೀಲಿ, ಕಂಚಿಗೆ ಹಸುರು, ಕಬ್ಬಿಣಕ್ಕೆ ಕರಿಯದು. ಎರಡನೆಯ ಚಳಿಗಾಲವು ಮುಗಿಯುವ ಹೊತ್ತಿಗೆ, ಬೇಲಿಯ ಪೂರ್ವದ ಕಡೆಯಲ್ಲಿ ಕರಿಯ ಚುಕ್ಕೆಗಳು ಮಾತ್ರ ಒತ್ತೊತ್ತಾಗಿ ಕೂಡಿ, ಒಂದು ನೀಳವಾದ ಚೌಕವಾಗಿ ತೋರತೊಡಗಿದುವು. ಒಂದು ಬದಿಯಲ್ಲಿ ಎರಡು ಮಾರು ಅಗಲದಷ್ಟು ಚುಕ್ಕೆಗಳೇ ಇಲ್ಲ. ಜಿಲ್ಲೆಯ ಅಧಿಕಾರಿಣಿಯು ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಅಲ್ಲಿ ಮರದ ತೊಲೆಗಳ ಮನೆಯೊಂದು ಇದ್ದಿರಬೇಕು, ಈ ಬಯಲಾಗಿರುವುದು ಅದರ ಬಾಗಿಲು ಎಂದರು. ರೈತನ ಮನೆತನದಲ್ಲಿ ಆ ಮನೆಯ ವಿಚಾರವನ್ನು ಯಾರೂ ಕೇಳಿದವರಿಲ್ಲ. ಮುಂದಿನ ಕೊಯ್ಲಾದ ಮೇಲೆ ಅಲ್ಲಿ ಮೂರು ಗಜ ಉದ್ದದ ಕಾಲುವೆಯೊಂದನ್ನು ಪಂಡಿತರು ತೋಡಿ ನೋಡುವುದೆಂದು ಗೊತ್ತಾಗಿದೆ. ಅಲ್ಲಿಯವರೆಗೆ ಆ ಮೂಲೆಗೆ ಯಂತ್ರವನ್ನು ಒಯ್ಯುವುದಿಲ್ಲವೆಂದು ವೈದ್ಯರು ರೈತನಿಗೆ ಮಾತು ಕೊಟ್ಟಿದ್ದಾರೆ.